ಅಳತೆಯ ಚೀಟಿ ಮತ್ತು ಸ್ವಂತ ಪಾದ: ಚೀನೀ ನುಡಿಗಟ್ಟುಗಳಲ್ಲಿ ಕಾಲು

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೀರ್ಘ ಭಾಷಣವನ್ನು ಕುರಿತು ಚೀನೀಯರಲ್ಲಿ ಒಂದು ಗಾದೆಯುಂಟು. ಅಂಥ ಭಾಷಣ ಸೋಮಾರಿ ಹೆಂಗಸಿನ ಕಾಲುಕಟ್ಟಿನ ಬಟ್ಟೆಯಂತೆ. ಉದ್ದವೂ ಹೌದು, ನಾತವೂ ಹೌದು ಎಂಬುದು ಅದರ ತಾತ್ಪರ್ಯ. ಹೆಣ್ಣುಮಕ್ಕಳ ಪಾದಗಳನ್ನು ಎಳೆಯ ವಯಸ್ಸಿನಲ್ಲೇ ಬಟ್ಟೆಯಿಂದ ಬಿಗಿದು ಕುಬ್ಜಗೊಳಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಮಾತು ಇದು. 1942ರ ಫೆಬ್ರವರಿಯಲ್ಲಿ ಯೆನಾನಿನಲ್ಲಿ, ಪಕ್ಷದ ಕಾರ್ಯಕರ್ತರ ಒಣ ಬರವಣಿಗೆಯನ್ನು ಟೀಕಿಸುತ್ತ ಮಾವೋ ಈ ಗಾದೆಯನ್ನು ಉಪಯೋಗಿಸಿದರು. ಅವರ ಆ ಭಾಷಣವೂ ಚಿಕ್ಕದಾಗಿರಲಿಲ್ಲವೆಂಬುದು ಬೇರೆ ಮಾತು. ನನ್ನ ಇಂದಿನ ಉಪನ್ಯಾಸ ಆ ಬಟ್ಟೆಯಂತಾಗದಿರಲಿ ಎಂಬ ಪ್ರಾರ್ಥನೆಯೊಡನೆ ಆರಂಭಿಸುತ್ತೇನೆ.

ನಾನು ಭಾಷಾಶಾಸ್ತ್ರಜ್ಞನಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೇಂದ್ರ ಸರ್ಕಾರದ ಸೇವೆಗೆ ಸೇರಿ, ಕಡತಗಳ ನಡುವೆ ತಲೆ ನರೆಸಿಕೊಂಡವನು. ದೆಹಲಿಗೆ ವರ್ಗವಾಗಿ ಬಂದ ಮೊದಲ ವರ್ಷಗಳಲ್ಲಿ, ಸಂಜೆಯ ಹೊತ್ತು ಕಳೆಯುವ ದಾರಿಯೊಂದನ್ನು ಹುಡುಕುತ್ತಿದ್ದಾಗ, ಚೀನೀ ಭಾಷೆಯ ಎರಡು ವರ್ಷಗಳ ಸಂಜೆ ತರಗತಿಗೆ ಸೇರಿಕೊಂಡೆ. ಕಲಿತದ್ದು ಬಹಳವೇನಲ್ಲ. ಆದರೆ ಅಲ್ಲಿ ಕೇಳಿದ ನುಡಿಗಟ್ಟುಗಳಲ್ಲಿ ಕಾಲಿಗೆ ಸಂಬಂಧಿಸಿದ ಕೆಲವು ಮಾತ್ರ ನನ್ನನ್ನು ಈವರೆಗೂ ಬಿಟ್ಟಿಲ್ಲ. ಏಕೆ ಬಿಟ್ಟಿಲ್ಲವೆಂಬುದನ್ನು ಈ ಉಪನ್ಯಾಸದಲ್ಲಿ ಹೇಳುತ್ತೇನೆ. ಅದರಲ್ಲಿ ನನ್ನ ಎರಡು ತಪ್ಪುಗಳ ನಿವೇದನೆಯೂ ಸೇರಿದೆ.

ಮೊದಲು ಪದಗಳ ವಿಚಾರ. ಕನ್ನಡದ 'ಕಾಲು' ಉದಾರವಾದ ಪದ. ತೊಡೆಯಿಂದ ಬೆರಳಿನವರೆಗೆ ಎಲ್ಲವೂ ನಮಗೆ ಕಾಲೇ. ಮುಳ್ಳು ಚುಚ್ಚಿದರೂ ಕಾಲಿಗೆ, ಮಂಡಿ ನೋಯುತ್ತಿದ್ದರೂ ಕಾಲು ನೋವು. ಚೀನೀ ಭಾಷೆಯಲ್ಲಿ ಹಾಗಲ್ಲ. 'ತ್ಸು' ಎಂಬುದು ಪಾದಕ್ಕೆ ಹಳೆಯ, ಗ್ರಾಂಥಿಕ ಪದ. ಇಂದಿನ ಆಡುಮಾತಿನಲ್ಲಿ ಪಾದವೆಂದರೆ 'ಚ್ಯಾವ್', ಪಾದದ ಮೇಲಿನ ಕಾಲೆಂದರೆ 'ಥುಯ್'. ಸ್ವಾರಸ್ಯವೆಂದರೆ, ಚ್ಯಾವ್ ಎಂಬುದಕ್ಕೆ ಪ್ರಾಚೀನ ಕಾಲದಲ್ಲಿ ಮೊಣಕಾಲಿನ ಕೆಳಗಿನ ಭಾಗವೆಂಬ ಅರ್ಥವಿದ್ದಿತು. ಶತಮಾನಗಳು ಕಳೆದಂತೆ ಆ ಪದ ಮೆಲ್ಲಗೆ ಕೆಳಗಿಳಿದು ಪಾದವನ್ನು ಸೇರಿತು. ದಕ್ಷಿಣದ ಕ್ಯಾಂಟನೀಸ್ ನುಡಿಯಲ್ಲಿ ಅದೇ ಪದ ಇಂದಿಗೂ, ನಮ್ಮ ಕಾಲಿನ ಹಾಗೆ, ಇಡೀ ಅವಯವಕ್ಕೆ ಸಲ್ಲುತ್ತದೆ.

ಅಣ್ಣತಮ್ಮಂದಿರನ್ನು ಅವರು 'ಕೈ-ಕಾಲು' ಎನ್ನುತ್ತಾರೆ. ಒಂದನ್ನು ಕತ್ತರಿಸಿದರೆ ದೇಹವೇ ಊನವಾಗುತ್ತದೆಂಬ ಭಾವ. ಹಿಮ್ಮಡಿಗೆ ಅವರ ಪದ 'ಗನ್'. ಹಿಮ್ಮಡಿಯಿಂದ 'ಹಿಂದೆ ಹೋಗು' ಎಂಬ ಅರ್ಥ ಬಂದು, ಅದರಿಂದ 'ಜೊತೆಗೆ' ಎಂಬ ಅರ್ಥ ಬಂದಿತು. ನಾವು ಒಬ್ಬರ ಬೆನ್ನು ಹತ್ತುತ್ತೇವೆ. ಅವರು ಹಿಮ್ಮಡಿ ಹತ್ತುತ್ತಾರೆ. ತೊಡೆಗೆ 'ಗು' ಎಂಬ ಪದವಿದೆ. ಲಂಬಕೋನ ತ್ರಿಭುಜದ ಒಂದು ಭುಜಕ್ಕೂ ಅದೇ ಹೆಸರು. ನಾವು ಶಾಲೆಯಲ್ಲಿ ಪೈಥಾಗೊರಸನ ಹೆಸರಿನಲ್ಲಿ ಕಲಿತ ಪ್ರಮೇಯ ಅವರಲ್ಲಿ ತೊಡೆಯ ಹೆಸರನ್ನು ಹೊತ್ತಿದೆ. ಕಂಪೆನಿಯ ಷೇರಿಗೂ ಇದೇ ಪದ. 1990ರ ಡಿಸೆಂಬರಿನಲ್ಲಿ ಷಾಂಘೈ ಷೇರು ಪೇಟೆ ತೆರೆದಾಗ ಜನ ಕೊಂಡದ್ದು, ಅಕ್ಷರಶಃ ನೋಡಿದರೆ, ತೊಡೆಯ ಚೀಟಿಗಳನ್ನು.

ಎಲ್ಲಕ್ಕಿಂತ ನನಗೆ ಪ್ರಿಯವಾದ ಸಂಗತಿ, ಪಾದವನ್ನು ಸೂಚಿಸುವ 'ತ್ಸು' ಎಂಬ ಅದೇ ಅಕ್ಷರಕ್ಕೆ 'ಸಾಕಷ್ಟು' ಎಂಬ ಅರ್ಥವೂ ಇರುವುದು. ತೃಪ್ತಿ ಎನ್ನಲೂ, ಕೊರತೆ ಎನ್ನಲೂ ಈ ಅಕ್ಷರ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಈ ಅಕ್ಷರವನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಇನ್ನು ದಿನಬಳಕೆಯ ನುಡಿಗಟ್ಟುಗಳು. ಎರಡು ದೋಣಿಯಲ್ಲಿ ಕಾಲಿಡುವವರು ಅಲ್ಲಿಯೂ ಇದ್ದಾರೆ, ಮಾತೂ ಅದೇ. ಮುಂದೆ ಹೋಗುವವನನ್ನು ತಡೆಯುವುದನ್ನು ನಾವು ಕಾಲೆಳೆಯುವುದೆಂದರೆ, ಅವರು ಸ್ಪಷ್ಟವಾಗಿ 'ಹಿಂಗಾಲು ಎಳೆಯುವುದು' ಎನ್ನುತ್ತಾರೆ. ನಾವು ದೊಡ್ಡವರ ಕಾಲು ಹಿಡಿದು ಕೆಲಸ ಮಾಡಿಸಿಕೊಳ್ಳುತ್ತೇವೆ. ಅವರು ಇನ್ನಷ್ಟು ಮೇಲಕ್ಕೆ ಹೋಗಿ ತೊಡೆಯನ್ನೇ ತಬ್ಬಿಕೊಳ್ಳುತ್ತಾರೆ. ಧಣಿಗಳ ಬಾಲಬಡುಕನಿಗೆ 'ನಾಯಿಕಾಲು' ಎಂದು ಹೆಸರು. ಬಿರುಸಾಗಿ ಓಡುವವನು 'ಹಾರುವ ರೋಮದ ಕಾಲಿನವನು'. 1991ರ ಕೊಲ್ಲಿ ಯುದ್ಧದಲ್ಲಿ ನಾವೆಲ್ಲ ಹೆಸರು ಕೇಳಿದ ಸ್ಕಡ್ ಕ್ಷಿಪಣಿಗೂ ಚೀನೀ ಭಾಷೆಯಲ್ಲಿ ಇದೇ ಹೆಸರು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಯನ್ನು ಕುರಿತು, ಕೊನೆಗಳಿಗೆಯಲ್ಲಿ ಬುದ್ಧನ ಪಾದ ಹಿಡಿದವನೆನ್ನುತ್ತಾರೆ. ನಮ್ಮ ದೇಶದಿಂದ ಹೋದ ಭಗವಂತನ ಪಾದ ಅಲ್ಲಿ ಹೀಗೊಂದು ಉಪಯೋಗಕ್ಕೆ ಬಂದಿದೆ. ಎತ್ತಿದ ಕಲ್ಲನ್ನು ತನ್ನ ಕಾಲ ಮೇಲೆಯೇ ಹಾಕಿಕೊಳ್ಳುವ ಮೂರ್ಖನ ಗಾದೆಯನ್ನು 1957ರ ನವೆಂಬರಿನಲ್ಲಿ ಮಾವೋ ಮಾಸ್ಕೋದಲ್ಲಿ ಉದ್ಧರಿಸಿದ ಮೇಲೆ ಅದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು.

ಇವೆಲ್ಲ ನಗುವಿನ ಮಾತುಗಳು. ಆದರೆ ಚೀನೀ ಭಾಷೆಯಲ್ಲಿ ಕಾಲು ಕೇವಲ ನಗುವಿನ ವಸ್ತುವಲ್ಲ. ರಾಜ್ಯವೊಂದು ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಂಡಿತೆಂಬುದಕ್ಕೆ ಅಲ್ಲಿಯ ಕಾಲುಗಳೇ ಸಾಕ್ಷಿ.

ಕ್ರಿ.ಪೂ. 539ರ ಒಂದು ಪ್ರಸಂಗ 'ತ್ಸೋ ಚುವಾನ್' ಎಂಬ ಪ್ರಾಚೀನ ಚರಿತ್ರಗ್ರಂಥದಲ್ಲಿದೆ. ಛಿ ರಾಜ್ಯದ ಮಂತ್ರಿ ಯೆನ್ ಯಿಂಗ್ ಪೇಟೆಯ ಪಕ್ಕದ ಇಕ್ಕಟ್ಟಾದ ಮನೆಯಲ್ಲಿ ವಾಸವಾಗಿದ್ದ. ಒಳ್ಳೆಯ ಮನೆ ಕೊಡುತ್ತೇನೆಂದು ರಾಜ ಹೇಳಿದರೂ ಒಪ್ಪಲಿಲ್ಲ. ಪೇಟೆ ಹತ್ತಿರವಿದ್ದರೆ ಅನುಕೂಲವೆಂದ. ರಾಜ ನಗುತ್ತ, ಹಾಗಾದರೆ ಪೇಟೆಯಲ್ಲಿ ಯಾವುದು ತುಟ್ಟಿ, ಯಾವುದು ಅಗ್ಗ ಎಂದು ನಿನಗೆ ತಿಳಿದಿರಬೇಕಲ್ಲ ಎಂದು ಕೇಳಿದ. ಸಾಮಾನ್ಯ ಪಾದರಕ್ಷೆ ಅಗ್ಗ, ಪಾದ ಕತ್ತರಿಸಲ್ಪಟ್ಟವರ ಪಾದರಕ್ಷೆ ತುಟ್ಟಿ ಎಂದು ಮಂತ್ರಿ ಉತ್ತರಿಸಿದ. ಆ ರಾಜನ ಆಳ್ವಿಕೆಯಲ್ಲಿ ಪಾದಚ್ಛೇದನದ ಶಿಕ್ಷೆ ಅಷ್ಟು ಹೆಚ್ಚಾಗಿದ್ದಿತು. ರಾಜನಿಗೆ ಮಾತು ನಾಟಿತು. ಶಿಕ್ಷೆಗಳನ್ನು ಕಡಿಮೆ ಮಾಡಿದನೆಂದು ಗ್ರಂಥ ಹೇಳುತ್ತದೆ. ವರದಿಯಿಲ್ಲ, ಅಂಕಿಅಂಶವಿಲ್ಲ, ಒಂದು ಜೊತೆ ಪಾದರಕ್ಷೆಯ ಬೆಲೆಯಲ್ಲಿ ಆಡಳಿತದ ವಿಮರ್ಶೆ ಮುಗಿಯಿತು.

ಹೆಣ್ಣಿನ ಪಾದದ ಕಥೆಯೂ ಹೀಗೆಯೇ. ಬಿಗಿದು ಕಟ್ಟಿದ ಪಾದವನ್ನು 'ಮೂರಂಗುಲದ ಹೊಂದಾವರೆ' ಎಂದು ವರ್ಣಿಸಿದರು. ಪದ ಸುಂದರವಾದಷ್ಟೂ ಕ್ರೌರ್ಯ ಮರೆಯಾಯಿತು. 1902ರಲ್ಲಿ ಛಿಂಗ್ ಅರಮನೆ ಈ ಪದ್ಧತಿಯ ವಿರುದ್ಧ ಆಜ್ಞೆ ಹೊರಡಿಸಿತು. 1912ರಲ್ಲಿ ಗಣರಾಜ್ಯ ನಿಷೇಧಿಸಿತು. ಕಟ್ಟನ್ನು ನಡುವೆಯೇ ಬಿಚ್ಚಿದ, ಆದರೆ ಎಲುಬು ಮುರಿದು ಪೂರ್ಣವಾಗಿ ಬೆಳೆಯಲಾರದ ಪಾದಕ್ಕೆ ಜನ 'ವಿಮೋಚಿತ ಪಾದ' ಎಂದು ಹೆಸರಿಟ್ಟರು. ಬಟ್ಟೆಯನ್ನು ಬಿಚ್ಚಿದ ಮಾತ್ರಕ್ಕೆ ಎಲುಬು ನೆಟ್ಟಗಾಗುವುದಿಲ್ಲವೆಂಬ ಸತ್ಯ ಆ ಪದದಲ್ಲಿ ಅಡಗಿದೆ. ಇದಕ್ಕೆ ಪ್ರತಿಯಾಗಿ, 1968ರ ನಂತರ ದೇಶವಿದೇಶಗಳಲ್ಲಿ ಹಬ್ಬಿದ 'ಬರಿಗಾಲ ವೈದ್ಯರು' ಎಂಬ ಮಾತನ್ನು ನೋಡಿ. ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವ ರೈತರ ನಡುವಿನಿಂದಲೇ ಬಂದು, ಅಲ್ಪ ತರಬೇತಿ ಪಡೆದು ಹಳ್ಳಿಗರಿಗೆ ಔಷಧಿ ಕೊಟ್ಟವರು ಅವರು. 1985ರಲ್ಲಿ ಸರ್ಕಾರ ಆ ಹೆಸರನ್ನು ಕೈಬಿಟ್ಟು, ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು 'ಗ್ರಾಮ ವೈದ್ಯರು' ಎಂದು ಕರೆಯಿತು. ಕಟ್ಟಿದ ಪಾದವನ್ನು ತಾವರೆಯೆಂದ ಭಾಷೆಯೇ ಬರಿಯ ಪಾದವನ್ನು ಗೌರವದ ಬಿರುದಾಗಿಸಿತು.

ಬಂಧುಗಳೇ, ಈಗ ನನ್ನ ಮೊದಲನೆಯ ತಪ್ಪಿನ ವಿಚಾರಕ್ಕೆ ಬರುತ್ತೇನೆ. ಅದಕ್ಕೆ ಮುನ್ನ ಒಂದು ಕಥೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿದ್ದ ಹಾನ್ ಫೇಯ್ ಎಂಬ ದಾರ್ಶನಿಕನ ಗ್ರಂಥದಲ್ಲಿ ಬರುವ ಕಥೆ ಇದು. ಚಂಗ್ ಎಂಬ ರಾಜ್ಯದ ಒಬ್ಬ ಮನುಷ್ಯ ಪಾದರಕ್ಷೆ ಕೊಳ್ಳಬೇಕೆಂದು ಮನೆಯಲ್ಲಿ ತನ್ನ ಪಾದದ ಅಳತೆ ತೆಗೆದಿಟ್ಟ. ಪೇಟೆಗೆ ಹೋಗುವಾಗ ಅಳತೆಯನ್ನು ಮರೆತುಹೋದ. ಅಂಗಡಿಯಲ್ಲಿ ಪಾದರಕ್ಷೆ ಕೈಗೆತ್ತಿಕೊಂಡ ಮೇಲೆ ನೆನಪಾಗಿ, ಅಳತೆ ತರಲು ಮನೆಗೆ ಓಡಿದ. ಮರಳಿ ಬರುವಷ್ಟರಲ್ಲಿ ಪೇಟೆ ಮುಚ್ಚಿತ್ತು. ಅಲ್ಲಿದ್ದವರು, ಪಾದರಕ್ಷೆಯನ್ನು ಕಾಲಿಗೇ ಹಾಕಿ ನೋಡಬಹುದಾಗಿತ್ತಲ್ಲ ಎಂದರು. ಆತನ ಉತ್ತರದ ಸಾರವಿಷ್ಟೆ: ಅಳತೆಯನ್ನು ನಂಬುತ್ತೇನೆ, ನನ್ನ ಕಾಲನ್ನು ನಂಬಲಾರೆ.

ಸಂಜೆ ತರಗತಿಯಲ್ಲಿ ಗುರುಗಳು ಈ ಕಥೆಯನ್ನು ಓದಿಸಿದಾಗ ಇಡೀ ತರಗತಿ ನಕ್ಕಿತು. ನಾನು ನಗಲಾರದೆ ಹೋದೆ.

ಅದಕ್ಕೆ ಎರಡು ವರ್ಷಗಳ ಹಿಂದೆ, ನಾನಿನ್ನೂ ಕಿರಿಯ ಅಧಿಕಾರಿಯಾಗಿದ್ದಾಗ, ನಮ್ಮ ಕಚೇರಿಯ ಒಬ್ಬ ಗುಮಾಸ್ತ ರಸ್ತೆ ಅಪಘಾತದಲ್ಲಿ ತನ್ನ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಕಳೆದುಕೊಂಡಿದ್ದ. ಅಂಗವಿಕಲ ನೌಕರರಿಗೆ ನಿಯಮದಂತೆ ದೊರೆಯುವ ಹೆಚ್ಚಿನ ಸಾರಿಗೆ ಭತ್ಯೆಗಾಗಿ ಅರ್ಜಿ ಹಾಕಿದ. ವೈದ್ಯಕೀಯ ಪ್ರಮಾಣಪತ್ರದ ಮುದ್ರಿತ ನಮೂನೆಯಲ್ಲಿ 'ಬಲಗಾಲು / ಎಡಗಾಲು, ಅನ್ವಯಿಸದ್ದನ್ನು ಹೊಡೆದುಹಾಕಿ' ಎಂದಿತ್ತು. ವೈದ್ಯರು ಯಾವುದನ್ನೂ ಹೊಡೆದುಹಾಕಿರಲಿಲ್ಲ. ಯಾವ ಕಾಲೆಂಬುದು ಸ್ಪಷ್ಟವಿಲ್ಲವೆಂದು ಟಿಪ್ಪಣಿ ಬರೆದು ನಾನು ಅರ್ಜಿಯನ್ನು ಹಿಂದಿರುಗಿಸಿದೆ. ಆತ ಊರುಗೋಲುಗಳ ಮೇಲೆ ಮೂರು ಮಹಡಿ ಹತ್ತಿ ನನ್ನ ಮೇಜಿನ ಮುಂದೆ ಬಂದು ನಿಂತ. ಅಂದು ಲಿಫ್ಟ್ ಕೆಟ್ಟಿತ್ತು. ಖಾಲಿ ಷರಾಯಿಯ ಕಾಲನ್ನು ಮಡಚಿ ಪಿನ್ನು ಹಾಕಿಕೊಂಡಿದ್ದ. 'ಸಾಹೇಬರೇ, ನೀವೇ ನೋಡಿ ಬರೆದುಕೊಳ್ಳಿ' ಎಂದು ಹಿಂದಿಯಲ್ಲಿ ಹೇಳಿದ. ನಾನು ಕೊಟ್ಟ ಉತ್ತರ ಇಂದಿಗೂ ನೆನಪಿದೆ: 'ನಾನು ಕಣ್ಣಿನಲ್ಲಿ ನೋಡಿದ್ದು ದಾಖಲೆಯಾಗುವುದಿಲ್ಲ.'

ಆತ ವಾದಿಸಲಿಲ್ಲ. ಮತ್ತೆ ಆಸ್ಪತ್ರೆಗೆ ಹೋದ. ಹೊಸ ಪ್ರಮಾಣಪತ್ರ ಬರಲು ಏಳು ವಾರಗಳು ಹಿಡಿದವು. ಎಷ್ಟು ಸಲ ಅಲೆದನೋ ನಾನು ಕೇಳಲಿಲ್ಲ. ನಿಯಮದ ದೃಷ್ಟಿಯಿಂದ ನನ್ನಲ್ಲಿ ದೋಷವಿರಲಿಲ್ಲ. ಲೆಕ್ಕಪರಿಶೋಧಕರು ಬಂದಿದ್ದರೆ ನನ್ನನ್ನು ಮೆಚ್ಚುತ್ತಿದ್ದರು. ಆದರೆ ಆ ಸಂಜೆ ತರಗತಿಯಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ ಸತ್ತ ಹಾನ್ ಫೇಯ್ ನನ್ನ ಹೆಸರನ್ನೇ ಹಿಡಿದು ಕೂಗಿದಂತೆ ಭಾಸವಾಯಿತು. ಚಂಗ್ ರಾಜ್ಯದ ಮನುಷ್ಯ ಕಳೆದುಕೊಂಡದ್ದು ತನ್ನದೇ ಪಾದರಕ್ಷೆಯನ್ನು. ನಾನು ನನ್ನ ಅಳತೆಯ ಚೀಟಿಗಾಗಿ ಓಡಿಸಿದ್ದು ಇನ್ನೊಬ್ಬನನ್ನು, ಅದೂ ಒಂದೇ ಕಾಲಿನಲ್ಲಿ.

ಸ್ವತಃ ಚೀನಾ ದೇಶ ಈ ಕಥೆಯಿಂದ ಪಾಠ ಕಲಿತಿತೆಂದು ಭಾವಿಸಬೇಡಿ. 2015ರಲ್ಲಿ ಅಲ್ಲಿಯ ಪ್ರಧಾನಿ ಲೀ ಕೆಚ್ಯಾಂಗ್ ಸಭೆಯೊಂದರಲ್ಲಿ, ಪ್ರವಾಸ ಹೊರಟ ನಾಗರಿಕನೊಬ್ಬನಿಗೆ ಅವನ ತಾಯಿ ಅವನ ತಾಯಿಯೇ ಎಂದು ಸಾಬೀತುಪಡಿಸಲು ಹೇಳಿದ ಪ್ರಸಂಗವನ್ನು ಉಲ್ಲೇಖಿಸಿ ಬೇಸರಪಟ್ಟರು. 2016ರ ಕೊನೆಗೆ ಚಚ್ಯಾಂಗ್ ಪ್ರಾಂತ್ಯ 'ಹೆಚ್ಚೆಂದರೆ ಒಂದೇ ಸಲ ಓಡಿ' ಎಂಬ ಸುಧಾರಣೆಯನ್ನು ಘೋಷಿಸಿತು. ಒಂದು ಕೆಲಸಕ್ಕಾಗಿ ಪ್ರಜೆ ಒಂದಕ್ಕಿಂತ ಹೆಚ್ಚು ಸಲ ಸರ್ಕಾರಿ ಕಚೇರಿಗೆ ಅಲೆಯಬಾರದೆಂಬುದು ಅದರ ಉದ್ದೇಶ. ಅಲೆದಾಟಕ್ಕೆ ಚೀನೀಯರ ಆಡುಮಾತು 'ಕಾಲು ಓಡಿಸುವುದು'. ಆಡಳಿತದ ಗುಣಮಟ್ಟವನ್ನು ಪ್ರಜೆಯ ಕಾಲಿನಿಂದ ಅಳೆಯಬೇಕೆಂಬ ಯೆನ್ ಯಿಂಗನ ನ್ಯಾಯ ಹೀಗೆ ಮತ್ತೆ ಹೊರಬಂದಿತು. ನಮ್ಮ ದೇಶದಲ್ಲಿಯೂ 2014ರ ನವೆಂಬರಿನಲ್ಲಿ 'ಜೀವನ್ ಪ್ರಮಾಣ್' ಆರಂಭವಾದ ಮೇಲೆ ನಿವೃತ್ತರು ತಾವು ಬದುಕಿದ್ದೇವೆಂದು ತೋರಿಸಲು ಕಚೇರಿಯ ಮೆಟ್ಟಿಲು ಹತ್ತುವುದು ಎಷ್ಟೋ ಕಡಿಮೆಯಾಗಿದೆ. ಸಂತೋಷ. ಆದರೆ ವ್ಯವಸ್ಥೆ ಬದಲಾದ ಮಾತ್ರಕ್ಕೆ ಚಂಗ್ ರಾಜ್ಯದ ಮನುಷ್ಯ ಸಾಯುವುದಿಲ್ಲ. ಅವನು ನಮ್ಮ ಮನೆಯೊಳಗೂ ಇದ್ದಾನೆ. ನನ್ನ ಎರಡನೆಯ ತಪ್ಪು ಮನೆಯೊಳಗಿನದು.

ಅದಕ್ಕೂ ಒಂದು ಕಥೆ ಬೇಕು. ಚುವಾಂಗ್ ತ್ಸು ಎಂಬ ದಾರ್ಶನಿಕನ ಹೆಸರಿನ ಗ್ರಂಥದಲ್ಲಿ ಬರುವ ಈ ಕಥೆ ಚೀನೀ ಮಕ್ಕಳಿಗೆಲ್ಲ ಗೊತ್ತು. ಚಾವ್ ರಾಜ್ಯದ ರಾಜಧಾನಿ ಹಾನ್‌ದಾನ್. ಇಂದು ಅದು ಹಬೇಯ್ ಪ್ರಾಂತ್ಯದ ಕೈಗಾರಿಕಾ ನಗರ. ಅಲ್ಲಿಯ ಜನರ ನಡಿಗೆ ಬಹಳ ಸೊಗಸೆಂಬ ಖ್ಯಾತಿಯಿತ್ತು. ಯೆನ್ ರಾಜ್ಯದ ಷೋಲಿಂಗಿನ ಹುಡುಗನೊಬ್ಬ ಆ ನಡಿಗೆ ಕಲಿಯಲು ಅಲ್ಲಿಗೆ ಹೋದ. ಹಾನ್‌ದಾನಿನ ನಡಿಗೆ ಅವನಿಗೆ ಒಲಿಯಲಿಲ್ಲ. ಅಷ್ಟರಲ್ಲಿ ತನ್ನ ಊರಿನ ನಡಿಗೆಯೂ ಮರೆತುಹೋಯಿತು. ಕೊನೆಗೆ ಅಂಬೆಗಾಲಿಡುತ್ತ ಊರಿಗೆ ಮರಳಿದ. 'ಹಾನ್‌ದಾನಿನಲ್ಲಿ ನಡಿಗೆ ಕಲಿತಂತೆ' ಎಂಬ ನುಡಿಗಟ್ಟು ಇಂದಿಗೂ ಚಾಲ್ತಿಯಲ್ಲಿದೆ. ಆ ನಗರದಲ್ಲಿ ಮಿಂಗ್ ಕಾಲದ ಕಲ್ಲಿನ ಸೇತುವೆಯೊಂದಿದ್ದು, ಅದರ ಹೆಸರೇ 'ನಡಿಗೆ ಕಲಿತ ಸೇತುವೆ'.

ಹೊರನಾಡಿನ ಕನ್ನಡಿಗರಾದ ನಮ್ಮಲ್ಲಿ ಯಾರಿಗೆ ಈ ಕಥೆ ಅನ್ವಯಿಸುವುದಿಲ್ಲ? ನಾವೆಲ್ಲ ಒಂದಲ್ಲ ಒಂದು ಹಾನ್‌ದಾನಿಗೆ ಬಂದವರೇ. ಸಂಘದ ವೇದಿಕೆಗಳಲ್ಲಿ ನಮ್ಮ ಮಕ್ಕಳಿಗೆ ಇಂಥ ಉಪದೇಶವನ್ನು ನಾವು ಆಗಾಗ ಮಾಡುತ್ತಿರುತ್ತೇವೆ, ನಾನೂ ಮಾಡಿದ್ದೇನೆ. ಆದರೆ ಹುಡುಗ ತನ್ನ ನಡಿಗೆಯನ್ನು ಏಕೆ ಮರೆತ? ಕಥೆ ಹೇಳುವುದಿಲ್ಲ. ನನ್ನ ಮನೆಯ ಕಥೆ ಮಾತ್ರ ನನಗೆ ಗೊತ್ತು.

ನನ್ನ ಮಗಳು ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ಆರೇಳು ವರ್ಷದವಳಾಗಿದ್ದಾಗ, ಒಂದು ಭಾನುವಾರ ಮನೆಗೆ ನಾಲ್ಕಾರು ಕನ್ನಡ ಕುಟುಂಬಗಳು ಬಂದಿದ್ದವು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಮಗು ಏಳಲು ಹೋಗಿ ತಡವರಿಸಿ, 'ಅಪ್ಪಾ, ನನ್ನ ಕಾಲು ಮಲಗಿಬಿಟ್ಟಿದೆ' ಎಂದಳು. ಹಿಂದಿಯಲ್ಲಿ ಕಾಲು ನಿದ್ದೆಹೋಗುತ್ತದೆ. ಕನ್ನಡದಲ್ಲಿ ಜೋಮು ಹಿಡಿಯುತ್ತದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಾನೇ ನಕ್ಕೆ. ಅಷ್ಟಕ್ಕೇ ಬಿಡದೆ, ಆಮೇಲೆ ಬಂದ ಅತಿಥಿಗಳಿಗೂ ಆ ಮಾತನ್ನು ಹೇಳಿ ನಗಿಸಿದೆ. ನನ್ನ ತಾಯಿ ಒಳಗಿನಿಂದ ಬಂದು ಮಗುವಿನ ಪಾದವನ್ನು ನೀವುತ್ತ, 'ಜೋಮು ಹಿಡಿದಿದೆ ಪುಟ್ಟಾ, ಈಗ ಹೋಗುತ್ತದೆ' ಎಂದರು. ತಿದ್ದುಪಡಿಯೂ ಆಯಿತು, ಉಪಚಾರವೂ ಆಯಿತು, ಮಗುವಿಗೆ ನಾಚಿಕೆಯಾಗಲಿಲ್ಲ. ಕನ್ನಡ ಕಲಿಸುವ ವಿಧಾನ ನನ್ನ ತಾಯಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಅಂದಿನಿಂದ ಮಗಳು ಅತಿಥಿಗಳ ಮುಂದೆ ಕನ್ನಡದಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದಳು. ಅಜ್ಜಿಯೊಡನೆ ಮಾತ್ರ, ಅಡುಗೆಮನೆಯಲ್ಲಿ, ಮೆಲ್ಲಗೆ ಮಾತಾಡುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಅದೂ ನಿಂತಿತು. ಈಗ ಬೇರೊಂದು ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಫೋನಿನಲ್ಲಿ ನನ್ನೊಡನೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಅರ್ಥಮಾಡಿಕೊಂಡು ಬೇರೆ ಭಾಷೆಯಲ್ಲಿ ಉತ್ತರಿಸುತ್ತಾಳೆ. ಅವಳ ಕಾಲಿನಲ್ಲಿ ದೋಷವಿರಲಿಲ್ಲ. ಕೈಯಲ್ಲಿ ಅಳತೆಯ ಚೀಟಿ ಹಿಡಿದು ಪಕ್ಕದಲ್ಲಿ ನಿಂತು ನಕ್ಕವನು ನಾನು. ಅವಳಾಡಿದ ವಾಕ್ಯ ಶುದ್ಧ ಕನ್ನಡದ ಅಳತೆಗೆ ಹೊಂದಲಿಲ್ಲ, ನಿಜ. ಆದರೆ ಅದು ನಡೆಯುತ್ತಿದ್ದ ಕನ್ನಡ. ಹಾನ್‌ದಾನಿನ ಹುಡುಗನ ಸುತ್ತಲೂ ಹೀಗೆ ನಗುವವರು ನೆರೆದಿರಲಿಲ್ಲವೆಂದು ಯಾರು ಬಲ್ಲರು?

ಬೇರೆ ನಾಡಿನ ನಡಿಗೆ ಕಲಿತರೆ ಸ್ವಂತ ನಡಿಗೆ ಅಳಿದೇ ತೀರುತ್ತದೆಂದೂ ನಾನು ನಂಬುವುದಿಲ್ಲ. ಅದಕ್ಕೆ ಚೀನಾ ದೇಶದಲ್ಲಿಯೇ ದೊಡ್ಡ ಸಾಕ್ಷಿಯಿದೆ. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಮರುಭೂಮಿ, ಹಿಮಪರ್ವತಗಳನ್ನು ದಾಟಿ ಭಾರತಕ್ಕೆ ಬಂದ. ನಾಲಂದೆಯಲ್ಲಿ ಸಂಸ್ಕೃತ ಕಲಿತು, ವಿದ್ವಾಂಸರೊಡನೆ ಅದೇ ಭಾಷೆಯಲ್ಲಿ ವಾದ ಮಾಡಿದ. ಸುಮಾರು 641ರಲ್ಲಿ ನಮ್ಮ ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡು, ಹರ್ಷವರ್ಧನನಿಗೆ ಮಣಿಯದ ಆ ಅರಸನ ಮತ್ತು ಪ್ರಜೆಗಳ ಅಭಿಮಾನವನ್ನು ಬರೆದಿಟ್ಟ. 645ರಲ್ಲಿ ಸ್ವದೇಶಕ್ಕೆ ಮರಳಿ, 664ರಲ್ಲಿ ತೀರಿಕೊಳ್ಳುವವರೆಗೂ ಸುಮಾರು 75 ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಎರಡು ನಡಿಗೆಗಳೂ ಅವನ ಕಾಲುಗಳಲ್ಲಿ ಇದ್ದವು.

ಕೊನೆಯದಾಗಿ ಇನ್ನೊಂದು ನುಡಿಗಟ್ಟು, 'ಪಾದ ಸುತ್ತಿಕೊಂಡು ಮುಂದೆ ಬಾರದಿರುವುದು'. ಹೆದರಿ ಹಿಂಜರಿಯುವುದೆಂದು ಇಂದಿನ ಅರ್ಥ. ಇದರ ಹಿಂದೆ ಒಂದು ರಾಜಕೀಯ ಘಟನೆಯಿದೆ. ಕ್ರಿ.ಪೂ. 237ರಲ್ಲಿ ಛಿನ್ ರಾಜ್ಯದ ಅರಸ, ಹೊರರಾಜ್ಯಗಳಿಂದ ಬಂದು ಸೇವೆಯಲ್ಲಿದ್ದ ಅಧಿಕಾರಿಗಳನ್ನೆಲ್ಲ ಹೊರಹಾಕಬೇಕೆಂದು ಆಜ್ಞೆ ಮಾಡಿದ. ಕಾಲುವೆ ಕಟ್ಟಲು ಬಂದಿದ್ದ ಹೊರಗಿನ ಎಂಜಿನಿಯರನೊಬ್ಬ ಶತ್ರುಗಳ ಗೂಢಚಾರನೆಂದು ಬಯಲಾದದ್ದು ನೆಪ. ಹೊರಹಾಕಬೇಕಾದವರ ಪಟ್ಟಿಯಲ್ಲಿ ಛೂ ರಾಜ್ಯದಿಂದ ಬಂದಿದ್ದ ಲೀ ಸು ಎಂಬ ಅಧಿಕಾರಿಯ ಹೆಸರೂ ಇತ್ತು. ಆತ ಅರಸನಿಗೊಂದು ಮನವಿ ಬರೆದ. ಈ ರಾಜ್ಯವನ್ನು ದೊಡ್ಡದು ಮಾಡಿದವರು ಹೊರಗಿನಿಂದ ಬಂದವರೇ; ತಾವು ತೊಡುವ ರತ್ನಗಳೂ ಕೇಳುವ ಸಂಗೀತವೂ ಹೊರಗಿನವೇ; ವಸ್ತುಗಳನ್ನು ಇಟ್ಟುಕೊಂಡು ಮನುಷ್ಯರನ್ನು ಓಡಿಸಿದರೆ, ನಾಳೆ ವಿದ್ವಾಂಸರು ಪಾದ ಸುತ್ತಿಕೊಂಡು ಕುಳಿತಾರು, ಇತ್ತ ಬಾರರು ಎಂಬುದು ಅದರ ಸಾರಾಂಶ. ಅರಸ ಆಜ್ಞೆಯನ್ನು ಹಿಂತೆಗೆದುಕೊಂಡ. ಆ ಅರಸನೇ ಮುಂದೆ ಕ್ರಿ.ಪೂ. 221ರಲ್ಲಿ ಚೀನಾದ ಪ್ರಥಮ ಸಾಮ್ರಾಟನಾದ. ಹೊರಗಿನವರನ್ನು ಓಡಿಸಹೊರಟ ಆತ ಹುಟ್ಟಿದ್ದು ಎಲ್ಲಿ ಗೊತ್ತೇ? ತನ್ನ ರಾಜ್ಯದ ಹೊರಗೆ, ಅದೇ ಹಾನ್‌ದಾನಿನಲ್ಲಿ.

ಇಲ್ಲಿಗೆ ಕಥೆ ನಿಂತಿದ್ದರೆ ಹೊರನಾಡಿಗರಾದ ನಾವು ಚಪ್ಪಾಳೆ ತಟ್ಟಬಹುದಾಗಿತ್ತು. ಆದರೆ ಮುಂದಿನದನ್ನೂ ಕೇಳಬೇಕು. ಕೆಲವೇ ವರ್ಷಗಳಲ್ಲಿ ಲೀ ಸುವಿನ ಸಹಪಾಠಿಯೊಬ್ಬ ಹೊರರಾಜ್ಯದಿಂದ ಛಿನ್ ಆಸ್ಥಾನಕ್ಕೆ ಬಂದ. ಅವನ ಪ್ರತಿಭೆಗೆ ಹೆದರಿದ ಲೀ ಸು, ಅವನು ಹೊರಗಿನವನು, ನಮ್ಮವನಾಗಲಾರನೆಂದು ಅರಸನ ಕಿವಿಯೂದಿ ಸೆರೆಗೆ ಹಾಕಿಸಿದ. ಕ್ರಿ.ಪೂ. 233ರಲ್ಲಿ ಆತ ಸೆರೆಮನೆಯಲ್ಲಿ, ಲೀ ಸು ಕಳುಹಿಸಿದ ವಿಷ ಕುಡಿದು ಸತ್ತನೆಂದು ಇತಿಹಾಸಕಾರ ಸುಮಾ ಛಿಯೆನ್ ಬರೆಯುತ್ತಾನೆ. ಆ ಸಹಪಾಠಿಯೇ ಪಾದರಕ್ಷೆಯ ಕಥೆ ಬರೆದ ಹಾನ್ ಫೇಯ್.

ತನಗಾಗಿ ಬಾಗಿಲು ತೆರೆಸಿಕೊಂಡವನು ತನ್ನ ಹಿಂದೆ ಬಂದವನಿಗೆ ಅದನ್ನೇ ಮುಚ್ಚಿದ. ಈ ಪ್ರಸಂಗವನ್ನು ನೆನೆದಾಗಲೆಲ್ಲ ನಮ್ಮ ಮಾತುಗಳೇ ನನಗೆ ಕೇಳಿಸುತ್ತವೆ. ನಾವು ಇಲ್ಲಿಗೆ ಬಂದು ಮನೆ, ಮಠ, ಸಂಘ ಕಟ್ಟಿಕೊಂಡವರು. ನಮ್ಮನ್ನು ಹೊರಗಿನವರೆಂದರೆ ನೋಯುತ್ತೇವೆ. ಅದೇ ನಾವು ನಿನ್ನೆಮೊನ್ನೆ ಬಂದ ಬಡ ವಲಸಿಗರನ್ನು ಕುರಿತು ಏನೆನ್ನುತ್ತೇವೆ? ಬೆಂಗಳೂರಿನ ಬಂಧುಗಳೊಡನೆ ಫೋನಿನಲ್ಲಿ ಮಾತಾಡುವಾಗ, ಅಲ್ಲಿಗೆ ಬಂದ ಹೊರಗಿನವರನ್ನು ಕುರಿತು ಯಾವ ಮಾತಿಗೆ ಹೂಂಗುಟ್ಟುತ್ತೇವೆ? ಬಂದವರು ಬಂದ ನಾಡಿನ ನುಡಿ ಕಲಿಯಬೇಕೆಂಬುದು ನ್ಯಾಯವಾದ ಅಪೇಕ್ಷೆ. ಅದರಲ್ಲಿ ನನಗೆ ಸಂದೇಹವಿಲ್ಲ. ನಾವಿಲ್ಲಿ ಹಿಂದಿ ಕಲಿಯಲಿಲ್ಲವೇ? ಆದರೆ ಕಲಿಯುವವನು ಮೊದಲು ತೊದಲುತ್ತಾನೆ, ಎಡವುತ್ತಾನೆ. ಬೆಂಗಳೂರಿಗೆ ಬಂದವನ ತೊದಲು ಕನ್ನಡಕ್ಕೆ ನಕ್ಕರೆ ಅವನು ಪಾದ ಸುತ್ತಿಕೊಂಡು ಕುಳಿತುಬಿಡುತ್ತಾನೆ. ದೆಹಲಿಯಲ್ಲಿ ಹುಟ್ಟಿದ ನಮ್ಮ ಮಗುವಿನ ಕನ್ನಡಕ್ಕೆ ನಕ್ಕರೂ ಹಾಗೆಯೇ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಒಂದೇ. ಮುಂದಿನ ರಾಜ್ಯೋತ್ಸವದ ಮಕ್ಕಳ ಸ್ಪರ್ಧೆಗಳಲ್ಲಿ ಶುದ್ಧ ಉಚ್ಚಾರಣೆಗೆ, ತಪ್ಪಿಲ್ಲದ ವ್ಯಾಕರಣಕ್ಕೆ ಅಂಕಗಳಿರಲಿ. ಆದರೆ ಸ್ಪರ್ಧೆಯಲ್ಲದ, ಅಂಕಗಳಿಲ್ಲದ, ಯಾರೂ ನಗದ ಒಂದು ಗಂಟೆಯೂ ಇರಲಿ. ಅಲ್ಲಿ ಮಕ್ಕಳು ತಮಗೆ ಬಂದಷ್ಟು ಕನ್ನಡದಲ್ಲಿ ಮನಸ್ಸಿಗೆ ಬಂದದ್ದನ್ನು ಹೇಳಲಿ. ಕಾಲು ಮಲಗಿದೆ ಎಂದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, 'ಜೋಮು ಹಿಡಿದಿದೆ ಪುಟ್ಟಾ' ಎನ್ನಲಿ. ಪಾದವೆನ್ನುವ ಚೀನೀ ಅಕ್ಷರಕ್ಕೆ 'ಸಾಕಷ್ಟು' ಎಂಬ ಅರ್ಥವೂ ಇದೆಯೆಂದೆನಲ್ಲ, ಮೊದಲ ಹೆಜ್ಜೆಗೆ ಅಷ್ಟು ಸಾಕು.

ಮಾತು ಮುಗಿಸುವ ಮುನ್ನ ಕೊನೆಯ ನುಡಿಗಟ್ಟು. ಛೂ ರಾಜ್ಯದಲ್ಲಿ ಪೂಜೆಯ ನಂತರ ಸೇವಕರಿಗೆ ಒಂದು ಪಾತ್ರೆ ಮದ್ಯ ದೊರೆಯಿತು. ಎಲ್ಲರಿಗೂ ಸಾಲದೆಂದು, ನೆಲದ ಮೇಲೆ ಮೊದಲು ಹಾವಿನ ಚಿತ್ರ ಬರೆದವನಿಗೇ ಎಲ್ಲವೂ ಎಂದು ಪಂದ್ಯ ಕಟ್ಟಿದರು. ಒಬ್ಬ ಬೇಗನೆ ಮುಗಿಸಿ, ಇನ್ನೂ ಸಮಯವಿದೆಯೆಂದು ಹಾವಿಗೆ ಕಾಲುಗಳನ್ನು ಬರೆಯತೊಡಗಿದ. ಅಷ್ಟರಲ್ಲಿ ಇನ್ನೊಬ್ಬ ತನ್ನ ಹಾವನ್ನು ಮುಗಿಸಿ, ಹಾವಿಗೆ ಕಾಲೆಲ್ಲಿಯದೆಂದು ಪಾತ್ರೆ ಕಿತ್ತುಕೊಂಡು ಕುಡಿದುಬಿಟ್ಟ. ಒಳಗೆ ಕಾಫಿ, ಉಪ್ಪಿಟ್ಟು ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಇನ್ನೂ ಮಾತಾಡಿದರೆ ಹಾವಿಗೆ ಕಾಲು ಬರೆದಂತಾದೀತು.